ಬರೋ ಗಾಡಿ, ಹೋಗೋ ಗಾಡಿ

ಹಳೇ ಕಾರು ಕೊಟ್ಟು, ಅದಕ್ಕಿಂತ ಸ್ವಲ್ಪ ಚೆನ್ನಾಗಿರೋ ಇನ್ನೊಂದು ಹಳೇ ಕಾರು ತಗೊಳ್ಳೋದನ್ನ ನಾವು ಒಂದೇ ವ್ಯವಹಾರ ಅಂದ್ಕೊಂಡಿರ್ತೀವಿ. ನಿಜಕ್ಕೂ ಅದು ಎರಡು. ಒಂದು ಗಾಡಿ ಮನೆಗೆ ಬರುತ್ತೆ, ಒಂದು ಗಾಡಿ ಮನೆಯಿಂದ ಹೋಗುತ್ತೆ. ಬರೋ ಗಾಡಿಯನ್ನ ನೋಡೋಕೆ ನಾಲ್ಕು ಜನರನ್ನ ಕರ್ಕೊಂಡು ಹೋಗ್ತೀವಿ. ಟೈರ್ ಒದ್ದು ನೋಡ್ತೀವಿ, ಬಾನೆಟ್ ಎತ್ತಿಸ್ತೀವಿ, ಮನೆಗೆ ತಂದ ಮೇಲೆ ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ಪೂಜೆ ಮಾಡಿಸ್ತೀವಿ. ಹೋಗೋ ಗಾಡಿಗೆ? ಎರಡು ಫಾರಂ ಮೇಲೆ ಸಹಿ ಹಾಕಿ, ಕೀ ಕೊಟ್ಟು, ದುಡ್ಡು ಎಣಿಸ್ಕೊಂಡು ಬಂದುಬಿಡ್ತೀವಿ. ಆ ಎರಡನೇ ವ್ಯವಹಾರದಲ್ಲಿ ಎಂಥ ಅಪಾಯ ಇದೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಬರೋ ಗಾಡಿ.

ಈ ವಿಷಯ ಎತ್ತೋಕೆ ಕಾರಣ ಕೊಪ್ಪಳ ಜಿಲ್ಲೆಯ ವೀಕ್ಷಕರು. ಗಂಗಾವತಿಯ ಒಬ್ಬರು ಕೇಳಿದ್ದು ಹೀಗೆ: "ಸರ, ನಮ್ಮದು 2010ರ ಗಾಡಿ ಐತ್ರಿ. ರಿಪೇರಿಗೆ ರೊಕ್ಕ ಹಾಕಿ ಹಾಕಿ ಸಾಕಾಗೇತಿ. ನಾಕ್ ಲಕ್ಷದೊಳಗ ಯಾವ ಕಂಪನೀದು ತಗೊಂಡ್ರ ಛಲೋ?" ಕುಷ್ಟಗಿಯಿಂದ, ಯಲಬುರ್ಗಾದಿಂದ ಬರೋ ಪ್ರಶ್ನೆನೂ ಹೆಚ್ಚುಕಮ್ಮಿ ಇದೇ. ಯಾವ ಕಂಪನಿ?

ನನ್ನ ಉತ್ತರ ಕೇಳಿ ಅವರಿಗೆ ಸ್ವಲ್ಪ ನಿರಾಸೆ ಆಗಬಹುದು. ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಕಂಪನಿಯ ಹೆಸರು ಮೂರನೇ ಪ್ರಶ್ನೆ. ಈ ಒಂದು ಗಾಡಿ ಇಷ್ಟು ವರ್ಷ ಹೇಗೆ ಬದುಕಿದೆ ಅನ್ನೋದು ಮೊದಲನೇದು. ನಾಳೆ ಕೆಟ್ಟು ನಿಂತ್ರೆ ನಮ್ಮೂರಲ್ಲಿ ಅದನ್ನ ಸರಿ ಮಾಡೋರು ಯಾರು ಅನ್ನೋದು ಎರಡನೇದು. ಹೊಸ ಕಾರು ಕೊಳ್ಳುವಾಗ ಒಂದೇ ಮಾಡೆಲ್‌ನ ಸಾವಿರ ಗಾಡಿಗಳೂ ಒಂದೇ ಥರ ಇರ್ತವೆ. ಹತ್ತು ವರ್ಷ ಆದಮೇಲೆ ಆ ಸಾವಿರ ಗಾಡಿಗಳೂ ಸಾವಿರ ಥರ ಆಗಿರ್ತವೆ.

ಈ ಭಾಗದಲ್ಲಿ ಕಾರು ಶೋಕಿಗೆ ಇಟ್ಟುಕೊಳ್ಳೋ ವಸ್ತು ಅಲ್ಲ ಅನ್ನೋದು ನೆನಪಿರಲಿ. ರಾತ್ರಿ ಎರಡು ಗಂಟೆಗೆ ಮನೆಯ ಹಿರಿಯರಿಗೆ ಎದೆ ಹಿಡ್ಕೊಂಡ್ರೆ, ದೊಡ್ಡ ಆಸ್ಪತ್ರೆಗೆ ಅಂತ ಹುಬ್ಬಳ್ಳಿ ಕಡೆ ಹೊರಡಬೇಕಾಗುತ್ತೆ. ಕೊಪ್ಪಳದಿಂದಲೇ ಅದು ನೂರು ಕಿಲೋಮೀಟರ್ ದಾಟುತ್ತೆ. ಕುಷ್ಟಗಿ, ಯಲಬುರ್ಗಾದ ಒಳಗಿನ ಹಳ್ಳಿಗಳಲ್ಲಿ ಆ ಹೊತ್ತಿನಲ್ಲಿ ಬಸ್ ಸಿಗಲ್ಲ. ಆಗ ಸ್ಟಾರ್ಟ್ ಆಗೋ ಗಾಡಿ ಬೇಕು, ಅಷ್ಟೇ. ಅಲಾಯ್ ವೀಲ್ ಆಗ ಯಾರಿಗೂ ನೆನಪಾಗಲ್ಲ.

ಹಾಗಾಗಿ ರಿಪೇರಿಯಿಂದಲೇ ಶುರು ಮಾಡೋಣ. ನಿಮ್ಮೂರಿನ ಮೆಕ್ಯಾನಿಕ್ ಹತ್ತಿರ ಹೋಗಿ "ಯಾವ ಗಾಡಿ ಛಲೋ" ಅಂತ ಕೇಳಬೇಡಿ. "ನಿಮ್ಮ ಗ್ಯಾರೇಜ್‌ಗೆ ದಿನಾ ಯಾವ ಗಾಡಿ ಬರ್ತಾವ್ರಿ, ಯಾವುದರ ಸಾಮಾನು ಇಲ್ಲೇ ಸಿಗ್ತಾವು" ಅಂತ ಕೇಳಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್, ರೇಡಿಯೇಟರ್ ಫ್ಯಾನ್, ಇಷ್ಟು ಸಾಮಾನು ಅದೇ ದಿನ ಊರಲ್ಲೇ ಅಥವಾ ಹೊಸಪೇಟೆ, ಹುಬ್ಬಳ್ಳಿಯಿಂದ ಮಾರನೇ ದಿನದ ಬಸ್ಸಿಗೆ ಬರಬೇಕು. ಆಲ್ಟೋ, ವ್ಯಾಗನ್‌ಆರ್, ಸ್ವಿಫ್ಟ್‌ನಂಥ ಗಾಡಿಗಳಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಬೆಲೆ ಜಾಸ್ತಿ ಯಾಕೆ ಅಂದ್ರೆ ಇದೇ ಕಾರಣ. ಅವು ಎಂದೂ ಕೆಡಲ್ಲ ಅಂತ ಅಲ್ಲ. ಕೆಟ್ಟರೆ ಸಂಜೆಯೊಳಗೆ ಸರಿ ಹೋಗ್ತವೆ.

ಇದರ ಉಲ್ಟಾ ಲೆಕ್ಕಾನೂ ಇದೆ. ಶೆವರ್ಲೆ ಕಾರುಗಳ ಮಾರಾಟ ಭಾರತದಲ್ಲಿ 2017ರ ಕೊನೆಗೆ ನಿಂತಿತು. ಫಿಯಟ್ ಕಾರುಗಳು 2019ರಲ್ಲಿ ನಿಂತವು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂತ ಘೋಷಿಸ್ತು. ಡಾಟ್ಸನ್ 2022ರಲ್ಲಿ ಹೋಯ್ತು. ಇವುಗಳಲ್ಲಿ ಕೆಲವು ಬಹಳ ಗಟ್ಟಿ ಗಾಡಿಗಳು, ನಾನೇ ಮೆಚ್ಚಿಕೊಳ್ಳೋವಂಥವು. ಆದರೆ ಲಕ್ಷ ರೂಪಾಯಿ ಕಡಿಮೆಗೆ ಸಿಗ್ತಿದೆ ಅಂದ್ರೆ, ಆ ಲಕ್ಷ ಎಲ್ಲಿ ಹೋಯ್ತು ಅಂತ ಕೇಳ್ಕೋಬೇಕು. ಬೆಂಗಳೂರಲ್ಲಿ ಇರೋರಿಗೆ ಒಂದು ಸೆನ್ಸರ್‌ಗಾಗಿ ನಾಲ್ಕು ದಿನ ಕಾಯೋದು ಕಿರಿಕಿರಿ. ಯಲಬುರ್ಗಾದಲ್ಲಿ ಇರೋರಿಗೆ ಅದು ಟ್ರಕ್ ಮೇಲೆ ಗಾಡಿ ಹೇರಿಸೋ ಖರ್ಚು.

ಡೀಸೆಲ್ ಬಗ್ಗೆ ಈ ಕಡೆ ಇನ್ನೂ ಮೋಹ ಇದೆ. ಒಂದು ಕಾಲಕ್ಕೆ ಅದಕ್ಕೆ ಅರ್ಥ ಇತ್ತು. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೊ, ಇಷ್ಟೂ ಗಾಡಿಗಳಲ್ಲಿ ಇದ್ದದ್ದು ಫಿಯಟ್‌ನ ಅದೇ 1.3 ಲೀಟರ್ ಡೀಸೆಲ್ ಎಂಜಿನ್. ಹಾಗಾಗಿ ಅದನ್ನ ಬಿಚ್ಚಿ ಜೋಡಿಸೋಕೆ ಬರದ ಮೆಕ್ಯಾನಿಕ್ಕೇ ಇರಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು, ಮಾರುತಿ ಡೀಸೆಲ್ ಕಾರು ಮಾಡೋದನ್ನೇ ಬಿಟ್ಟಿತು. ಅದರ ನಂತರದ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ಹೊಗೆಯಲ್ಲಿರೋ ಮಸಿಯನ್ನ ಹಿಡಿದಿಟ್ಟುಕೊಂಡು, ಸೈಲೆನ್ಸರ್ ಚೆನ್ನಾಗಿ ಕಾದಾಗ ತಾನೇ ಸುಟ್ಟು ಹಾಕೋದು ಅದರ ಕೆಲಸ. ಕಾಯಬೇಕು ಅಂದ್ರೆ ಗಾಡಿ ಒಂದೇ ವೇಗದಲ್ಲಿ ಇಪ್ಪತ್ತು, ಮೂವತ್ತು ನಿಮಿಷ ಓಡಬೇಕು. ಕುಷ್ಟಗಿಯಿಂದ ಎನ್‌ಎಚ್-50 ಹಿಡಿದು ಹೊಸಪೇಟೆಗೋ ವಿಜಯಪುರಕ್ಕೋ ವಾರಕ್ಕೆರಡು ಸಲ ಹೋಗೋರಿಗೆ ಇದು ಸಮಸ್ಯೆನೇ ಅಲ್ಲ. ಗಂಗಾವತಿಯಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಗದ್ದೆಗೆ ಮೂರು ಮೂರು ಕಿಲೋಮೀಟರ್ ಓಡಿಸೋರಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಹೊಸದು ಹಾಕಿಸೋ ಖರ್ಚು ಕೇಳಿದ್ರೆ ಡೀಸೆಲ್‌ನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಮುಗೀತು.

ವರ್ಷ ನೋಡುವಾಗಲೂ "ಹೊಸದಾದಷ್ಟೂ ಒಳ್ಳೇದು" ಅಂತ ಸುಮ್ನೆ ಹೇಳಿದ್ರೆ ಸಾಲದು. ಕೆಲವು ತಾರೀಖು ಗೊತ್ತಿರಬೇಕು. 2019ರ ಏಪ್ರಿಲ್‌ನಿಂದ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯ ಆಯ್ತು. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದಿದ್ದು 2022ರ ಹೊತ್ತಿಗೆ. ಅಂದ್ರೆ ಒಂದೇ ಮಾಡೆಲ್‌ನ 2018ರ ಬೇಸ್ ಗಾಡಿಗೂ 2020ರ ಬೇಸ್ ಗಾಡಿಗೂ ಬೆಲೆಯಲ್ಲಿ ಮೂವತ್ತು, ನಲವತ್ತು ಸಾವಿರ ವ್ಯತ್ಯಾಸ ಇದ್ರೆ, ಆ ದುಡ್ಡಿಗೆ ನೀವು ಕೊಳ್ತಿರೋದು ಜೀವರಕ್ಷಣೆ. ನನ್ನ ಮಟ್ಟಿಗೆ ಇಲ್ಲಿ ಚೌಕಾಸಿ ಬೇಡ. ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲೇ ಇರುತ್ತೆ. ನೋಂದಣಿ ಆದ ತಾರೀಖು ಬೇರೆ, ತಯಾರಾದ ತಾರೀಖು ಬೇರೆ.

ಪೆಟ್ರೋಲ್ ಗಾಡಿಗೆ ಇನ್ನೊಂದು ತಾರೀಖು 2023ರ ಏಪ್ರಿಲ್. ಈಗ ಬಂಕ್‌ಗಳಲ್ಲಿ ಸಿಗೋದು ಶೇ. 20ರಷ್ಟು ಎಥನಾಲ್ ಬೆರೆಸಿದ ಇ-20 ಪೆಟ್ರೋಲ್. 2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಕಾರುಗಳ ರಬ್ಬರ್ ಪೈಪು, ವಾಷರ್‌ಗಳನ್ನ ಇದಕ್ಕೆ ಹೊಂದೋ ಥರ ಮಾಡಿರ್ತಾರೆ. ಅದಕ್ಕಿಂತ ಹಳೇ ಗಾಡಿ ಓಡಲ್ಲ ಅಂತೇನಿಲ್ಲ, ಓಡುತ್ತೆ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ ಇರೋದ್ರಿಂದ ಮೈಲೇಜ್ ಸ್ವಲ್ಪ ಬೀಳುತ್ತೆ. ಅದು ಗಾಳಿಯ ತೇವ ಬೇರೆ ಹೀರಿಕೊಳ್ಳುತ್ತೆ, ಹಾಗಾಗಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕ್, ಫ್ಯೂಯೆಲ್ ಪೈಪುಗಳನ್ನ ಮೆಕ್ಯಾನಿಕ್ ಕೈಲಿ ನೋಡಿಸಬೇಕು. ಮಗ ಬೆಂಗಳೂರಲ್ಲಿದ್ದಾನೆ, ಗಾಡಿ ಶೆಡ್‌ನಲ್ಲೇ ನಿಂತಿತ್ತು, ಓಡೇ ಇಲ್ಲ ಅಂತ ಮಾರೋರು ಹೆಮ್ಮೆಯಿಂದ ಹೇಳ್ತಾರಲ್ಲ, ಅಲ್ಲಿ ಈ ಎಚ್ಚರ ಬೇಕು.

ಈಗ ಮೊದಲನೇ ಪ್ರಶ್ನೆಗೆ ಬರೋಣ. ಈ ಗಾಡಿ ಹೇಗೆ ಬದುಕಿದೆ?

ಮಾರೋರನ್ನ ಕೇಳಿದ್ರೆ ಬರೋ ಉತ್ತರ ನಿಮಗೂ ಗೊತ್ತು. "ಡಾಕ್ಟರ್ ಗಾಡಿ ರೀ ಸರ, ಸಿಂಗಲ್ ಹ್ಯಾಂಡ್, ಮನಿಯಿಂದ ದವಾಖಾನಿಗೆ ಅಷ್ಟ ಓಡೇತಿ." ನಮ್ಮ ರಾಜ್ಯದಲ್ಲಿ ಮಾರಾಟಕ್ಕಿರೋ ಹಳೇ ಕಾರುಗಳನ್ನೆಲ್ಲ ಡಾಕ್ಟರ್‌ಗಳೇ ಓಡಿಸಿದ್ದಾರೆ ಅಂದ್ರೆ, ಒಬ್ಬೊಬ್ಬ ಡಾಕ್ಟರ್‌ಗೂ ಹತ್ತು ಹತ್ತು ಕಾರು ಇದ್ದಿರಬೇಕು. ಹೋಗಲಿ ಬಿಡಿ. ಆರ್‌ಸಿ ಮೇಲೆ ಮಾಲೀಕರ ಸರಣಿ ಸಂಖ್ಯೆ ಇರುತ್ತೆ. ಒಂದು ಅಂತಿದ್ರೆ ಮೊದಲ ಮಾಲೀಕರು. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದ್ರೆ ಇನ್ಶುರೆನ್ಸ್ ಯಾವಾಗ ಮುಗಿಯುತ್ತೆ, ಬ್ಯಾಂಕ್ ಸಾಲ ಇದೆಯಾ ಅನ್ನೋದು ತಿಳಿಯುತ್ತೆ. ಬಾಕಿ ದಂಡವನ್ನ ಇ-ಚಲನ್ ಪೋರ್ಟಲ್‌ನಲ್ಲಿ ನೋಡಬಹುದು. ಇನ್ನೂ ಆಳಕ್ಕೆ ಹೋಗಬೇಕಂದ್ರೆ ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಗಾಡಿಯ ಪಹಣಿ ಅಂತಲೇ ಅಂದ್ಕೊಳ್ಳಿ. ಯೆಲ್ಲೋ ಬೋರ್ಡ್ ಟ್ಯಾಕ್ಸಿಯಾಗಿ ನಾಲ್ಕು ವರ್ಷ ದುಡಿದು, ಆಮೇಲೆ ವೈಟ್ ಬೋರ್ಡ್ ಆದ ಗಾಡಿಯ ಜಾತಕ ಅಲ್ಲಿ ಸಿಗುತ್ತೆ. ಕದ್ದ ಗಾಡಿ ಅನ್ನೋ ಅನುಮಾನ ಇದ್ರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ್ ಸಮನ್ವಯ್' ವ್ಯವಸ್ಥೆಯಲ್ಲಿ ಚಾಸಿಸ್, ಎಂಜಿನ್ ನಂಬರ್ ಹಾಕಿ ನೋಡಬಹುದು. ಆ ನಂಬರ್‌ಗಳನ್ನ ಆರ್‌ಸಿ ನೋಡಿ ಬರ್ಕೋಬೇಡಿ, ಗಾಡಿಯ ಮೇಲೆ ಕೊರೆದಿರೋದನ್ನ ನೋಡಿ ಬರ್ಕೊಳ್ಳಿ. ಎರಡೂ ಒಂದೇನಾ ಅಂತ ಹೋಲಿಸಬೇಕಾದವರು ನೀವೇ.

ಮೀಟರ್ ನಂಬಬೇಡಿ. ಹಳೇ ಕಾಲದ ಉರುಳೋ ಅಂಕಿಯ ಮೀಟರ್ ತಿರುಗಿಸೋಕೆ ಬಿಚ್ಚಬೇಕಿತ್ತು. ಡಿಜಿಟಲ್ ಮೀಟರ್‌ಗೆ ಒಂದು ಸಣ್ಣ ಯಂತ್ರ ಚುಚ್ಚಿದ್ರೆ ಸಾಕು, ಐದೇ ನಿಮಿಷದಲ್ಲಿ ಲಕ್ಷ ಕಿಲೋಮೀಟರ್ ಮಾಯ. ಆದರೆ ಗಾಡಿಯ ಮೈ ಸುಳ್ಳು ಹೇಳಲ್ಲ. ಮೀಟರ್ 38,000 ತೋರಿಸ್ತಿದೆ, ಕ್ಲಚ್ ಪೆಡಲ್‌ನ ರಬ್ಬರ್ ಸವೆದು ನುಣ್ಣಗಾಗಿದೆ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆ, ಸ್ಟೀರಿಂಗ್ ಹೊಳೀತಿದೆ ಅಂದ್ರೆ ಆ ಗಾಡಿ ಲಕ್ಷ ದಾಟಿದೆ. ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾದ ಟೈರ್. 38,000 ಓಡಿದ ಗಾಡಿಗೆ ಎರಡನೇ ಸೆಟ್ ಟೈರ್ ಯಾಕೆ ಬಂತು? ಎಲ್ಲಕ್ಕಿಂತ ಒಳ್ಳೇ ಸಾಕ್ಷಿ ಕಂಪನಿ ಸರ್ವಿಸ್ ಸೆಂಟರ್‌ನ ದಾಖಲೆ. ಮಾರೋರನ್ನ ಜೊತೆಗೆ ಕರ್ಕೊಂಡು ಹೋಗಿ, ಗಾಡಿ ನಂಬರ್ ಮೇಲೆ ಹಳೇ ಬಿಲ್‌ಗಳ ವಿವರ ತೆಗೆಸಿ. ಪ್ರತಿ ಬಿಲ್‌ನಲ್ಲೂ ಆ ದಿನದ ಕಿಲೋಮೀಟರ್ ಬರೆದಿರುತ್ತೆ. ಬರಲ್ಲ ಅಂತ ಮಾರೋರು ಹಿಂದೇಟು ಹಾಕಿದ್ರೆ ಅದೇ ಉತ್ತರ.

ಇದೆಲ್ಲ ಎಲ್ಲ ಊರಿಗೂ ಅನ್ವಯಿಸೋ ಮಾತು. ಗಾಡಿ ಯಾವ ನೆಲದಲ್ಲಿ ಓಡಿದೆ ಅನ್ನೋದನ್ನ ಮಾತ್ರ ಊರೂರಿಗೆ ಬೇರೆ ಬೇರೆ ಥರ ನೋಡಬೇಕು. ಕೆಎ-37 ಅಂದ್ರೆ ಕೊಪ್ಪಳ ಆರ್‌ಟಿಒ. ನಂಬರ್ ಒಂದೇ ಆದ್ರೂ ಈ ಜಿಲ್ಲೆಯ ನಾಲ್ಕು ಊರಿನ ಗಾಡಿಗೆ ನಾಲ್ಕು ಥರದ ಕಾಯಿಲೆ.

ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಊರು, ಭತ್ತದ ಕಣಜ. ಭತ್ತ ಇದ್ದಲ್ಲಿ ಇಲಿ ಇರುತ್ತೆ. ಇಲಿಗೆ ಗಾಡಿಯ ವೈರಿಂಗ್ ಅಂದ್ರೆ ಅದೇನು ಪ್ರೀತಿಯೋ! ಗೋದಾಮಿನ ಪಕ್ಕ, ರೈಸ್ ಮಿಲ್ ಪಕ್ಕ ನಿಲ್ಲೋ ಗಾಡಿಯ ಬಾನೆಟ್ ಒಳಗೆ ಟೇಪ್ ಸುತ್ತಿದ ವೈರುಗಳು ಕಂಡ್ರೆ ಒಂದೊಂದನ್ನೂ ಬಿಡಿಸಿ ನೋಡಿಸಿ. ಅರ್ಧ ಕಚ್ಚಿದ ವೈರು ಇವತ್ತು ಕೆಲಸ ಮಾಡುತ್ತೆ, ಮಳೆಗಾಲದಲ್ಲಿ ಶಾರ್ಟ್ ಆಗುತ್ತೆ. ಕೆಸರು ಗದ್ದೆಯ ದಾರಿಯಲ್ಲಿ ಓಡೋ ಗಾಡಿಯ ಕೆಳಗಿನ ತಗಡು, ಸೈಲೆನ್ಸರ್ ತುಕ್ಕು ಹಿಡಿದಿರುತ್ತೆ. ಗಾಡಿಯನ್ನ ರ‍್ಯಾಂಪ್ ಮೇಲೆ ಏರಿಸದೇ ಗಂಗಾವತಿಯ ಗಾಡಿ ಕೊಳ್ಳಬೇಡಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಕೊಪ್ಪಳ, ಗಿಣಿಗೇರಾ ಕಡೆ ಕಬ್ಬಿಣ, ಉಕ್ಕಿನ ಕಾರ್ಖಾನೆಗಳ ಧೂಳು. ಆ ಧೂಳಿನ ಬಗ್ಗೆ ಜನ ಬೀದಿಗಿಳಿದು ಹೋರಾಟ ಮಾಡಿದ್ದನ್ನ ನಾವೇ ತೋರಿಸಿದ್ದೀವಿ. ಮನುಷ್ಯರ ಶ್ವಾಸಕೋಶಕ್ಕೆ ಏನಾಗುತ್ತೋ ಗಾಡಿಯ ಏರ್ ಫಿಲ್ಟರ್‌ಗೂ ಅದೇ ಆಗುತ್ತೆ. ಫಿಲ್ಟರ್ ಬದಲಿಸದೇ ಓಡಿಸಿದ ಗಾಡಿಯಲ್ಲಿ ಎಂಜಿನ್ ಒಳಗೆ ಧೂಳು ಹೋಗಿ ಪಿಸ್ಟನ್ ರಿಂಗ್ ಸವೆಯುತ್ತೆ. ಹೊರಗಿಂದ ಗಾಡಿ ಫಳಫಳ ಇರಬಹುದು. ನೀವು ಫಿಲ್ಟರ್ ಡಬ್ಬಿ ತೆಗೆಸಿ ನೋಡಿ.

ಕುಷ್ಟಗಿಯದು ಬಿಸಿಲು ಮತ್ತು ಹೆದ್ದಾರಿ. ಇಲ್ಲಿನ ಗಾಡಿಗಳಿಗೆ ರೇಡಿಯೇಟರ್‌ನಲ್ಲಿ ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕೋ ಚಾಳಿ ಇದೆ. ಗಡಸು ನೀರು ಒಳಗೆ ಸುಣ್ಣ ಕಟ್ಟಿಸಿ, ತುಕ್ಕು ಹಿಡಿಸಿ, ಕೊನೆಗೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆಸಿ. ಹಸಿರೋ ಕೆಂಪೋ ಬಣ್ಣದ ಕೂಲಂಟ್ ಕಂಡ್ರೆ ಸರಿ. ಚಹಾದ ಬಣ್ಣ ಕಂಡ್ರೆ ಅಲ್ಲಿಂದ ಹೊರಡಿ. ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಥರದ ನೊರೆ ಕಂಡ್ರೂ ಅಷ್ಟೇ, ನೀರು ಮತ್ತು ಆಯಿಲ್ ಒಂದಾಗಿರೋ ಅನುಮಾನ. ಟೆಸ್ಟ್ ಡ್ರೈವ್ ಬೆಳಿಗ್ಗೆ ಏಳಕ್ಕೆ ಮಾಡಿದ್ರೆ ಎಸಿ ಎಲ್ಲರಿಗೂ ತಂಪಾಗೇ ಇರುತ್ತೆ. ಮಧ್ಯಾಹ್ನ ಎರಡು ಗಂಟೆಗೆ ಎಸಿ ಹಾಕ್ಕೊಂಡು, ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ, ಟೆಂಪರೇಚರ್ ಮುಳ್ಳು ನೋಡಿ.

ಯಲಬುರ್ಗಾದ್ದು ಎರೆ ಭೂಮಿ, ಹೊಲದ ದಾರಿ. ಇಲ್ಲಿ ಸಸ್ಪೆನ್ಷನ್, ಶಾಕ್ ಅಬ್ಸಾರ್ಬರ್ ನೋಡಿ. ಗ್ಲಾಸ್ ಏರಿಸಿ, ಸ್ಟೀರಿಯೋ ಬಂದ್ ಮಾಡಿ, ಕೆಟ್ಟ ರಸ್ತೆಯಲ್ಲೇ ನಿಧಾನ ಓಡಿಸಿ. ಮಾರೋರು ಹಾಡು ಹಾಕಿ ಸೌಂಡ್ ಸಿಸ್ಟಂ ಹೊಗಳೋಕೆ ಶುರು ಮಾಡಿದ್ರೆ ಯಾಕೆ ಅಂತ ಯೋಚಿಸಿ.

ಎಂಜಿನ್ ನೋಡೋಕೆ ಒಂದು ನಿಯಮ ಸಾಕು: ಗಾಡಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. "ನೀವು ಬರ್ತೀರಂತ ಬಿಸಿ ಮಾಡಿ ಇಟ್ಟೀನ್ರಿ" ಅಂದ್ರೆ ಮಾರನೇ ದಿನ ಬರ್ತೀನಿ ಅನ್ನಿ. ನಾನು ಓದಿದ್ದು ಎಂಜಿನಿಯರಿಂಗ್, ಮಾಡ್ತಿರೋದು ಟಿವಿ, ಆದ್ರೂ ಹೊಗೆಯ ಪಾಠ ಮರೆತಿಲ್ಲ. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ ಉರೀತಿದೆ. ಕಪ್ಪು ಅಂದ್ರೆ ಇಂಧನ ಪೂರ್ತಿ ಸುಡ್ತಿಲ್ಲ. ಬಿಳಿ ಹೊಗೆ ಚಳಿಯ ಬೆಳಿಗ್ಗೆ ಎರಡು ನಿಮಿಷ ಬಂದ್ರೆ ಪರವಾಗಿಲ್ಲ, ಎಂಜಿನ್ ಕಾದ ಮೇಲೂ ಬರ್ತಾನೇ ಇದ್ರೆ ಕೂಲಂಟ್ ಒಳಗೆ ಹೋಗ್ತಿದೆ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡ್‌ನ ದೀಪಗಳೆಲ್ಲ ಹತ್ತಿ, ಆಮೇಲೆ ಆರಬೇಕು. ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಅಲ್ಲ. ದೀಪವನ್ನೇ ತೆಗೆದಿರಬಹುದು, ಏರ್‌ಬ್ಯಾಗ್ ಹಿಂದೆಂದೋ ಒಡೆದು ಹೋಗಿರಬಹುದು.

ಅಪಘಾತ ಆದ ಗಾಡಿಯನ್ನ ಬಣ್ಣದಲ್ಲಿ ಹುಡುಕಬೇಡಿ, ಬೋಲ್ಟ್‌ಗಳಲ್ಲಿ ಹುಡುಕಿ. ಬಾನೆಟ್, ಫೆಂಡರ್ ಹಿಡಿದಿರೋ ಬೋಲ್ಟ್‌ಗಳ ಮೇಲಿನ ಬಣ್ಣ ಕಂಪನಿಯಲ್ಲಿ ಹಾಕಿದ್ದು ಹಾಗೇ ಇರಬೇಕು. ಸ್ಪ್ಯಾನರ್ ಗುರುತು ಕಂಡ್ರೆ ಬಿಚ್ಚಿದ್ದಾರೆ ಅಂತ ಅರ್ಥ. ಬಂಪರ್ ಬದಲಿಸಿದ್ದು ದೊಡ್ಡ ವಿಷಯ ಅಲ್ಲ. ಮುಂದಿನ ಚಾಸಿಸ್ ಭಾಗದಲ್ಲಿ ವೆಲ್ಡಿಂಗ್ ಕಂಡ್ರೆ ಬೇಡ.

ನೀರಲ್ಲಿ ಮುಳುಗಿದ ಗಾಡಿ ಇನ್ನೂ ಕಷ್ಟ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಭಾಗದ ಪ್ರವಾಹದಲ್ಲಿ ಕಾರುಗಳು ಸಾಲುಸಾಲಾಗಿ ಮುಳುಗಿದ್ದನ್ನ ಇಡೀ ರಾಜ್ಯ ನೋಡಿದೆ. ಅಂಥ ಗಾಡಿಗಳು ತೊಳೆದು, ಒಣಗಿಸಿ, ಯಾರಿಗೂ ಗೊತ್ತಿಲ್ಲದ ದೂರದ ಊರುಗಳಲ್ಲಿ ಗಿರಾಕಿ ಹುಡುಕ್ತವೆ. ದೂರದ ಮಾತೇಕೆ, ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ಗಂಗಾವತಿ-ಕಂಪ್ಲಿ ಸೇತುವೆಯೇ ಮುಳುಗುತ್ತೆ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ನೋಡಿ, ಕೊನೆಯಲ್ಲಿ ಕೆಸರಿನ ಗೆರೆ ಇರುತ್ತೆ. ಅದನ್ನ ತೊಳೆಯೋದು ಎಲ್ಲರೂ ಮರೀತಾರೆ. ಸೀಟಿನ ಕೆಳಗಿನ ಹಳಿ, ಸ್ಟೆಪ್ನಿ ಇಡೋ ಗುಂಡಿಯಲ್ಲಿ ತುಕ್ಕು ನೋಡಿ.

ಬೆಲೆ ಬಗ್ಗೆ ಈಗ ಒಂದು ಹೊಸ ಲೆಕ್ಕ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳೀತು. ಆಮೇಲೆ ಹೊಸ ಆಲ್ಟೋ ಕೆ10ನ ಆರಂಭಿಕ ಎಕ್ಸ್ ಶೋರೂಂ ಬೆಲೆ 3.70 ಲಕ್ಷದ ಆಸುಪಾಸಿಗೆ ಬಂತು. ರಸ್ತೆ ತೆರಿಗೆ, ಇನ್ಶುರೆನ್ಸ್ ಅದರ ಮೇಲೆ. ಅಂದ್ರೆ ಆರು ವರ್ಷದ ಹಳೇ ಸಣ್ಣ ಗಾಡಿಗೆ ಮೂರು ಲಕ್ಷ ಕೇಳೋರು ಇನ್ನೂ ಹಳೇ ಜಿಎಸ್‌ಟಿ ಕಾಲದಲ್ಲೇ ಇದ್ದಾರೆ. ಹೊಸ ಗಾಡಿಯ ಇವತ್ತಿನ ಬೆಲೆ ಬರ್ಕೊಂಡೇ ಮಾತಿಗೆ ಕೂತ್ಕೊಳ್ಳಿ. ಕೈಯಲ್ಲಿ ನಾಲ್ಕು ಲಕ್ಷ ಇದ್ರೆ ಮೂರೂವರೆಯ ಗಾಡಿ ನೋಡಿ. ಉಳಿದ ಐವತ್ತು ಸಾವಿರ ಟೈರು, ಬ್ಯಾಟರಿ, ಆಯಿಲ್, ಹೆಸರು ಬದಲಾವಣೆ, ಇನ್ಶುರೆನ್ಸ್‌ಗೆ ಬೇಕೇ ಬೇಕು.

ಸಾಲದ ವಿಷಯದಲ್ಲಿ ಗಂಗಾವತಿ ಕಡೆಯವರಿಗೆ ಒಂದು ಮಾತು. ನಿಮ್ಮ ಆದಾಯ ಎರಡನೇ ಬೆಳೆಗೆ ನೀರು ಬರುತ್ತೋ ಇಲ್ವೋ ಅನ್ನೋದರ ಮೇಲೆ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಆ ಒಂದು ವಾರ ಇಡೀ ಅಚ್ಚುಕಟ್ಟು ಪ್ರದೇಶ ಉಸಿರು ಬಿಗಿಹಿಡಿದು ಕೂತಿತ್ತು. ಬ್ಯಾಂಕಿನವರು ಕಂತು ಕೇಳುವಾಗ ಗೇಟು ನೋಡಲ್ಲ. ಹೊಸ ಕಾರಿನ ಸಾಲಕ್ಕಿಂತ ಹಳೇ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಜಾಸ್ತಿ ಬೇರೆ.

ನೋಂದಣಿಯ ಆಯಸ್ಸನ್ನೂ ಲೆಕ್ಕಕ್ಕೆ ಹಿಡೀಬೇಕು. ಕಾರಿನ ಆರ್‌ಸಿ 15 ವರ್ಷ. 2012ರ ಗಾಡಿ ಈಗ ತಗೊಂಡ್ರೆ 2027ಕ್ಕೆ ಅದನ್ನ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಿಸಿ, ಐದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯ್ತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನ 10,000ಕ್ಕೆ ಏರಿಸಿದ್ರು. ಆಂಧ್ರ, ತೆಲಂಗಾಣ, ದೆಹಲಿ ನಂಬರ್ ಗಾಡಿ ಅಗ್ಗಕ್ಕೆ ಸಿಗ್ತಿದೆ ಅಂದ್ರೆ ಆ ಊರಿನ ಎನ್‌ಒಸಿ, ಇಲ್ಲಿ ಕಟ್ಟಬೇಕಾದ ತೆರಿಗೆ ಸೇರಿಸಿ ನೋಡಿ. ಅಗ್ಗ ಎಷ್ಟು ಉಳಿಯುತ್ತೆ ಅಂತ ಆಗ ಗೊತ್ತಾಗುತ್ತೆ. ಬ್ಯಾಂಕ್ ಸಾಲ ಇದ್ದ ಗಾಡಿಗೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ.

ಸರಿ, ಬರೋ ಗಾಡಿ ಬಂತು. ಈಗ ಹೋಗೋ ಗಾಡಿ.

ನಮ್ಮಲ್ಲಿ ನಡೆಯೋದು ಹೀಗೆ. ಫಾರಂ 29, ಫಾರಂ 30 ಅಂತ ಎರಡು ಕಾಗದ. ಏಜೆಂಟ್ ಹೇಳ್ತಾರೆ, "ಅಣ್ಣಾರ, ಇಲ್ಲೆ ಸಹಿ ಹಾಕ್ರಿ, ಉಳಿದದ್ದು ನಾವು ತುಂಬ್ಕೊಂತೀವಿ." ಕೊಂಡವರ ಹೆಸರಿನ ಜಾಗ ಖಾಲಿ, ತಾರೀಖು ಖಾಲಿ. ಆ ಖಾಲಿ ಕಾಗದ ಹಿಡ್ಕೊಂಡು ಗಾಡಿ ಒಬ್ಬರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಹೋಗುತ್ತೆ. ಆರ್‌ಟಿಒ ದಾಖಲೆಯಲ್ಲಿ ಮಾಲೀಕರು ಯಾರು? ಇನ್ನೂ ನೀವೇ.

ಇದರಿಂದ ಏನಾಗುತ್ತೆ ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿದೆ. ಒಬ್ಬರು 2007ರಲ್ಲಿ ಕಾರು ಮಾರಿದ್ರು. ಅದು ಕೈಯಿಂದ ಕೈಗೆ ದಾಟಿತು, ಯಾರೂ ಹೆಸರು ಬದಲಿಸಲಿಲ್ಲ. 2009ರ ಮೇ ತಿಂಗಳಲ್ಲಿ ಆ ಕಾರು ರಿವರ್ಸ್ ಬರುವಾಗ ಡಿಕ್ಕಿ ಆಗಿ ಒಂದು ಜೀವ ಹೋಯ್ತು. ಪರಿಹಾರ ಯಾರು ಕೊಡಬೇಕು? ನಾನು ಎರಡು ವರ್ಷದ ಹಿಂದೆಯೇ ಮಾರಿದ್ದೀನಿ ಅಂದ್ರು ಮೊದಲ ಮಾಲೀಕರು. ಕೋರ್ಟ್ ಒಪ್ಪಲಿಲ್ಲ. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಜವಾಬ್ದಾರಿ ಅವರದೇ ಅಂತು. ಕಾರಣ ನ್ಯಾಯವಾದದ್ದೇ. ಮನೆಯವರನ್ನ ಕಳ್ಕೊಂಡ ಕುಟುಂಬ, ಈ ಗಾಡಿ ಯಾರ್ಯಾರ ಕೈ ದಾಟಿದೆ ಅಂತ ಹುಡುಕ್ಕೊಂಡು ಊರೂರು ಅಲೀಬೇಕಾ?

ಯೋಚನೆ ಮಾಡಿ. ಎಂಬತ್ತು ಸಾವಿರಕ್ಕೆ ಮಾರಿ ಮರೆತ ಗಾಡಿಯಿಂದ ಲಕ್ಷಗಟ್ಟಲೆ ಪರಿಹಾರದ ನೋಟಿಸ್ ಮನೆ ಬಾಗಿಲಿಗೆ ಬರಬಹುದು. ಆ ಗಾಡಿಗೆ ಇನ್ಶುರೆನ್ಸ್ ಇಲ್ಲದಿದ್ರಂತೂ ಹೊಲ ಮಾರೋ ಪರಿಸ್ಥಿತಿ.

ಕಾನೂನು ಹೇಳೋದು ಸರಳವಾಗಿದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು, ವಿಳಾಸ, ತಾರೀಖು ಎಲ್ಲ ತುಂಬಿದ ಮೇಲೆಯೇ ಸಹಿ ಹಾಕಿ. ಕೊಂಡವರ ಆಧಾರ್ ಪ್ರತಿ, ಗಾಡಿ ಕೊಟ್ಟ ದಿನ ಮತ್ತು ಗಂಟೆ ಬರೆದ ಒಂದು ಕರಾರು, ಇಬ್ಬರ ಸಹಿ, ಒಂದು ಫೋಟೋ ಇಟ್ಕೊಳ್ಳಿ. ಆದರೆ ಆ ಕರಾರು ಒಂದನ್ನೇ ನಂಬಿ ಕೂರಬೇಡಿ, ಹೆಸರು ಬದಲಾಗಲೇಬೇಕು.

ಡೀಲರ್‌ಗೆ ಕೊಡೋರಿಗೆ 2023ರ ಏಪ್ರಿಲ್ 1ರಿಂದ ಒಂದು ಒಳ್ಳೇ ದಾರಿ ಇದೆ. ಹಳೇ ವಾಹನ ಮಾರೋ ಡೀಲರ್ ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು. ನೀವು ಗಾಡಿ ಒಪ್ಪಿಸಿದ್ದನ್ನ ಫಾರಂ 29ಸಿ ಮೂಲಕ ಆನ್‌ಲೈನ್‌ನಲ್ಲಿ ದಾಖಲಿಸಿದ್ರೆ, ಆ ದಿನದಿಂದ ಆ ಗಾಡಿಯ ಹೊಣೆ ಡೀಲರ್‌ದು. ಆ ಪ್ರಮಾಣಪತ್ರ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ಇಲ್ಲ ಅಂದ್ರೆ ಅವರು ಡೀಲರ್ ಅಲ್ಲ, ಬ್ರೋಕರ್. ಆಗ ಕೊನೆಗೆ ಗಾಡಿ ಓಡಿಸೋ ವ್ಯಕ್ತಿಯ ಹೆಸರಿಗೇ ನೇರವಾಗಿ ಬರ್ಕೊಡಿ.

ಇನ್ಶುರೆನ್ಸ್ ಕಡೆಯೂ ಎರಡು ಕೆಲಸ ಇದೆ. ನಿಮ್ಮ ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದಲ್ಲ. ಅದು ಶೇ. 50ರವರೆಗೂ ಇರಬಹುದು, ಕಂಪನಿಯಿಂದ ಪತ್ರ ತಗೊಂಡು ಬರೋ ಗಾಡಿಗೆ ಹಾಕಿಸ್ಕೊಳ್ಳಿ. ಬರೋ ಗಾಡಿಯ ಪಾಲಿಸಿಯನ್ನ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ರೆ ನಿಮ್ಮ ಗಾಡಿಗೆ ಪೆಟ್ಟಾದಾಗ ಕ್ಲೇಮ್ ಕೈಗೆ ಸಿಗಲ್ಲ. ಫಾಸ್ಟ್ಯಾಗ್ ಅನ್ನೂ ಮರೀಬೇಡಿ. ಗಾಜಿನ ಮೇಲಿಂದ ಕಿತ್ತರೆ ಸಾಲದು, ಬ್ಯಾಂಕಿಗೆ ಹೇಳಿ ಖಾತೆ ಬಂದ್ ಮಾಡಿಸಿ. ಇಲ್ಲದಿದ್ರೆ ಯಾರೋ ಹೆದ್ದಾರಿಯಲ್ಲಿ ಓಡಾಡ್ತಾರೆ, ಟೋಲ್ ನೀವು ಕಟ್ತೀರಿ.

ಮಾರೋಕೂ ಆಗದಷ್ಟು ಹಳೇ ಗಾಡಿ ಆದ್ರೆ ಗುಜರಿಗೆ ತೂಕಕ್ಕೆ ಹಾಕಬೇಡಿ. ಗುಜರಿಗೆ ಹೋದ ಗಾಡಿಯ ಚಾಸಿಸ್ ನಂಬರ್, ನಂಬರ್ ಪ್ಲೇಟ್ ಬೇರೆ ಯಾವುದೋ ಗಾಡಿಗೆ ಅಂಟಬಹುದು, ಆರ್‌ಸಿ ನಿಮ್ಮ ಹೆಸರಲ್ಲೇ ಜೀವಂತ ಇರುತ್ತೆ. 2021ರಲ್ಲಿ ಬಂದ ಗುಜರಿ ನೀತಿಯಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ, ಆರ್‌ಸಿ ರದ್ದಾಗಿದ್ದನ್ನ ಖಚಿತ ಮಾಡ್ಕೊಳ್ಳಿ. ಆ ಸರ್ಟಿಫಿಕೇಟ್‌ನ ರಿಯಾಯಿತಿ ಹೊಸ ಗಾಡಿ ಕೊಳ್ಳೋರಿಗೆ, ಸೆಕೆಂಡ್ ಹ್ಯಾಂಡ್‌ಗಲ್ಲ.

ಗಾಡಿ ಕೊಟ್ಟು ಒಂದು ತಿಂಗಳಾದ ಮೇಲೆ ಎಂ-ಪರಿವಾಹನ್‌ನಲ್ಲಿ ನಿಮ್ಮ ಹಳೇ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮರೆ ಮಾಡಿರ್ತಾರೆ, ಆದ್ರೂ ಬದಲಾಗಿದೆಯೋ ಇಲ್ವೋ ಅಂತ ತಿಳಿಯುತ್ತೆ. ಬದಲಾಗಿಲ್ಲ ಅಂದ್ರೆ ಕೊಂಡವರಿಗೆ ಫೋನ್ ಮಾಡಿ. "ಮುಂದಿನ ವಾರ ಮಾಡಿಸ್ತೀನ್ರಿ" ಅನ್ನೋ ಉತ್ತರ ಎರಡನೇ ಸಲ ಬಂದ್ರೆ, ಕೊಪ್ಪಳದ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸ್ಕೊಂಡು ಬನ್ನಿ.